ಬೆನ್ನು, ಕುತ್ತಿಗೆ ನೋಯದಂತೆ ಮಲಗುವುದು ಹೇಗೆ? ಸೇಡಂ, ಶಹಾಬಾದ ಭಾಗದ ದುಡಿಯುವ ಜನರಿಗಾಗಿ ಒಂದಿಷ್ಟು ಮಾಹಿತಿ



ಕರ್ನಾಟಕದ ಎಷ್ಟೋ ಮನೆ, ಶಾಲೆ, ಕಚೇರಿಗಳ ನೆಲಕ್ಕೆ ಹಾಸಿರುವ ಬೂದು ಬಣ್ಣದ ಚಪ್ಪಟೆ ಕಲ್ಲನ್ನು ನಾವೆಲ್ಲ ನೋಡಿದ್ದೇವೆ. ಅದು ಶಹಾಬಾದ ಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ, ಚಿತ್ತಾಪುರ, ವಾಡಿ, ಸೇಡಂ, ಚಿಂಚೋಳಿ ಭಾಗದ ನೆಲದಡಿಯಲ್ಲಿ ಈ ಸುಣ್ಣದಕಲ್ಲು ಪದರ ಪದರವಾಗಿ ಸಿಗುತ್ತದೆ. ಅಲ್ಲಿಯ ಜನ ಇದನ್ನು ಫರಸಿ ಎನ್ನುತ್ತಾರೆ. ಕಲ್ಲು ತೆಗೆಯುವವರು, ಕಡಿಯುವವರು, ಲಾರಿಗೆ ಹೇರುವವರು ಎಂದು ಸಾವಿರಾರು ಕೈಗಳಿಗೆ ಇದು ಕೆಲಸ ಕೊಟ್ಟಿದೆ. ಇದೇ ಸುಣ್ಣದಕಲ್ಲನ್ನು ನಂಬಿ ವಾಡಿ, ಸೇಡಂ, ಮಳಖೇಡ ಮುಂತಾದ ಕಡೆ ದೊಡ್ಡ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಉಳಿದವರು ತೊಗರಿ ಬೆಳೆಯುವ ಕಪ್ಪು ಭೂಮಿಯಲ್ಲಿ ಬಗ್ಗಿ ದುಡಿಯುತ್ತಾರೆ.

ಈ ಎಲ್ಲ ಕೆಲಸಗಳ ಭಾರ ಬೀಳುವುದು ಬೆನ್ನಿನ ಮೇಲೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಇಂಚು ದಪ್ಪದ ಒಂದೇ ಒಂದು ಫರಸಿ ಸುಮಾರು 25 ಕಿಲೋ ತೂಗುತ್ತದೆ. ಸಿಮೆಂಟ್ ಚೀಲದ ತೂಕ 50 ಕಿಲೋ. ಹಮಾಲಿ ಮಾಡುವವನು ಇಂಥವನ್ನು ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸುತ್ತಾನೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಬೆಳಿಗ್ಗೆ ಎದ್ದಾಗ "ನಡ ಹಿಡದದ, ಕುತ್ತಿಗಿ ಹೊಳ್ಳವಲ್ದು" ಎಂಬ ಮಾತು ಅಲ್ಲಿಯ ಮನೆಮನೆಯಲ್ಲಿ ಕೇಳಿಬರುತ್ತದೆ. ದಿನಗೂಲಿಯವನಿಗೆ ನಡ ಹಿಡಿಯಿತೆಂದರೆ ಅಂದಿನ ಕೂಲಿ ಹೋಯಿತು. ನಾಲ್ಕು ದಿನ ಹಿಡಿದರೆ ಮನೆಯ ಸಂತೆ ನಿಂತಿತು. ಆದ್ದರಿಂದ ರಾತ್ರಿ ಹೇಗೆ ಮಲಗಬೇಕು ಎಂಬುದು ಅವರಿಗೆ ಸುಖದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ನಮ್ಮ ಕರಾವಳಿಯಿಂದ ಶಿಕ್ಷಕರಾಗಿ, ದಾದಿಯರಾಗಿ, ಸಮಾಜ ಸೇವಕರಾಗಿ ಆ ಭಾಗಕ್ಕೆ ಹೋದವರಿದ್ದಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆಂದು ಮಂಗಳೂರು, ಉಡುಪಿಗೆ ಬಂದು ಶೆಡ್ಡುಗಳಲ್ಲಿ ವಾಸಿಸುವ ಕುಟುಂಬಗಳೂ ಇವೆ. ಇವರ ನಡುವೆ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಒಟ್ಟುಗೂಡಿಸಿದ್ದೇವೆ. ಇಲ್ಲಿ ಹೇಳಿದ ಯಾವುದಕ್ಕೂ ಹಣ ಬೇಕಿಲ್ಲ. ಒಂದು ಕೌದಿ, ಎರಡು ಹಳೆಯ ಸೀರೆ, ಸ್ವಲ್ಪ ತಿಳುವಳಿಕೆ ಇದ್ದರೆ ಸಾಕು.

ರಾತ್ರಿಯಲ್ಲಿ ಬೆನ್ನಿಗೆ ಏನಾಗುತ್ತದೆ?

ನಮ್ಮ ಬೆನ್ನೆಲುಬು ಒಂದೇ ಕೋಲಿನಂತಿಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಮಣಿಗಳು ಒಂದರ ಮೇಲೊಂದು ಕುಳಿತಿವೆ. ಅದರ ಕೆಳಗಿನ ಮಣಿಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಬದಿಯಿಂದ ನೋಡಿದರೆ ಬೆನ್ನು ನೇರವಾಗಿಯೂ ಇಲ್ಲ. ಕುತ್ತಿಗೆ ಮತ್ತು ಸೊಂಟದ ಬಳಿ ಒಳಕ್ಕೆ, ಎದೆಯ ಹಿಂದೆ ಹೊರಕ್ಕೆ ಬಾಗಿದೆ. ಈ ಸಹಜ ಬಾಗುಗಳು ಇದ್ದಂತೆಯೇ ಉಳಿದರೆ ಸ್ನಾಯುಗಳು ಸಡಿಲಗೊಂಡು ವಿಶ್ರಾಂತಿ ಪಡೆಯುತ್ತವೆ.

ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಇವನ್ನೇ ಡಿಸ್ಕ್ ಎನ್ನುವುದು. ಬೆಳೆದವರ ಡಿಸ್ಕಿನ ಒಳಭಾಗಕ್ಕೆ ನೇರವಾಗಿ ರಕ್ತನಾಳಗಳು ಹೋಗುವುದಿಲ್ಲ. ಹಗಲು ನಿಂತು, ಕುಳಿತು, ಭಾರ ಹೊತ್ತಾಗ ಅದರೊಳಗಿನ ನೀರಿನಂಶ ಹಿಂಡಿದಂತೆ ಹೊರಬರುತ್ತದೆ. ರಾತ್ರಿ ಮಲಗಿದಾಗ ಒತ್ತಡ ಕಡಿಮೆಯಾಗಿ, ಒದ್ದೆಯಲ್ಲಿಟ್ಟ ಸ್ಪಂಜಿನಂತೆ ಅದು ನೀರನ್ನೂ ಪೋಷಕಾಂಶವನ್ನೂ ಮತ್ತೆ ಹೀರಿಕೊಳ್ಳುತ್ತದೆ. ಈ ಕಾರಣದಿಂದ ನಾವೆಲ್ಲ ಸಂಜೆಗಿಂತ ಬೆಳಿಗ್ಗೆ ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಹಗಲೆಲ್ಲ ಕಲ್ಲು ಹೊತ್ತವನ ಬೆನ್ನಿಗೆ ರಿಪೇರಿಯ ಸಮಯವೆಂದರೆ ರಾತ್ರಿ. ಆ ಹೊತ್ತಿನಲ್ಲಿಯೂ ಬೆನ್ನು ತಿರುಚಿಕೊಂಡೋ ಜೋತುಬಿದ್ದೋ ಇದ್ದರೆ ರಿಪೇರಿ ಅರ್ಧಕ್ಕೇ ನಿಲ್ಲುತ್ತದೆ.

ಗಟ್ಟಿ ನೆಲ ಬೆನ್ನಿಗೆ ಒಳ್ಳೆಯದೇ?

"ಬೆನ್ನು ನೋವಿದ್ದವರು ಬರಿ ನೆಲದ ಮೇಲೆ ಮಲಗಬೇಕು" ಎಂಬ ಮಾತನ್ನು ನಾವೆಲ್ಲ ಕೇಳುತ್ತಾ ಬಂದಿದ್ದೇವೆ. ಹಿಂದೆ ವೈದ್ಯರೂ ಗಟ್ಟಿ ಹಲಗೆಯ ಮೇಲೆ ಮಲಗಲು ಹೇಳುತ್ತಿದ್ದರು. ಸೇಡಂ, ಶಹಾಬಾದ ಭಾಗದಲ್ಲಿ ನೆಲವೂ ಫರಸಿ, ಎಷ್ಟೋ ಮನೆಗಳಲ್ಲಿ ಮಾಳಿಗೆಯೂ ಫರಸಿ. ಬೇಸಿಗೆಯಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವ ಆ ಊರುಗಳಲ್ಲಿ ತಣ್ಣನೆಯ ಕಲ್ಲಿನ ಮೇಲೆ ಮೈಚಾಚುವುದು ಹಿತವೆನಿಸುವುದು ಸಹಜ.

ಆದರೆ ಗಟ್ಟಿಯಾದಷ್ಟೂ ಒಳ್ಳೆಯದು ಎಂಬುದು ನಿಜವಲ್ಲ. ಸ್ಪೇನ್ ದೇಶದಲ್ಲಿ ಬಹುಕಾಲದ ಸೊಂಟನೋವಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ಗಮನಿಸಿದರು. ಇದರ ಫಲಿತಾಂಶ 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾಸಿಗೆಯಲ್ಲಿನ ನೋವು, ಏಳುವಾಗಿನ ನೋವು, ಕೆಲಸಕ್ಕೆ ಆಗುವ ತೊಂದರೆ ಇವೆಲ್ಲ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಲ್ಲಿ ಹೆಚ್ಚು ಕಡಿಮೆಯಾಗಿದ್ದವು.

ಕಾರಣ ಸರಳ. ಬರಿ ಕಲ್ಲಿನ ಮೇಲೆ ಮಲಗಿದಾಗ ಭುಜ, ಪೃಷ್ಠ, ಹಿಮ್ಮಡಿ ಮಾತ್ರ ನೆಲಕ್ಕೆ ತಾಗುತ್ತವೆ. ಸೊಂಟದ ಬಾಗು ಗಾಳಿಯಲ್ಲಿ ಉಳಿಯುತ್ತದೆ. ಅದನ್ನು ಹಿಡಿದುಕೊಳ್ಳಲು ಸ್ನಾಯುಗಳು ರಾತ್ರಿಯಿಡೀ ಬಿಗಿಯಾಗಿರಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಹಗ್ಗ ಸಡಿಲಾದ ಹೊರಸು ಅಥವಾ ಹತ್ತಿ ಒಂದೆಡೆ ಗಂಟುಕಟ್ಟಿದ ಹಳೆಯ ಗಾದಿಯಲ್ಲಿ ಸೊಂಟ ತೊಟ್ಟಿಲಿನಂತೆ ಕೆಳಗಿಳಿಯುತ್ತದೆ. ಎರಡೂ ಬೆನ್ನಿಗೆ ಒಳ್ಳೆಯದಲ್ಲ.

ಹಾಗಾದರೆ ಏನು ಮಾಡಬೇಕು? ಉತ್ತರ ಅಲ್ಲಿಯ ಮನೆಗಳಲ್ಲಿಯೇ ಇದೆ. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರವಾಗಿಟ್ಟು ಅಜ್ಜಿಯರು ಹೊಲಿದ ಕೌದಿ ಒಳ್ಳೆಯ ಹಾಸಿಗೆ. ಫರಸಿಯ ಮೇಲೆ ಮೊದಲು ಚಾಪೆ, ಅದರ ಮೇಲೆ ಎರಡು ಮೂರು ಕೌದಿಗಳನ್ನು ಸುಕ್ಕಿಲ್ಲದಂತೆ ಹಾಸಿದರೆ ತೀರಾ ಮೆತ್ತಗೂ ಅಲ್ಲದ, ತೀರಾ ಗಟ್ಟಿಯೂ ಅಲ್ಲದ ಹಾಸಿಗೆ ಸಿದ್ಧವಾಗುತ್ತದೆ. ಹೊರಸಿನಲ್ಲಿ ಮಲಗುವವರು ಕಾಲಬದಿಯ ಹಗ್ಗವನ್ನು ಆಗಾಗ ಎಳೆದು ಬಿಗಿ ಮಾಡಿ, ಮೇಲೊಂದು ದಪ್ಪ ಕೌದಿ ಹಾಸಿಕೊಳ್ಳಬೇಕು. ಹತ್ತಿಯ ಗಾದಿಯನ್ನು ಬಿಸಿಲಿಗೆ ಹಾಕಿ, ಬಡಿದು, ತಲೆಬದಿ ಕಾಲಬದಿ ಅದಲು ಬದಲು ಮಾಡುತ್ತಿರಬೇಕು.

ನಿಮ್ಮ ಹಾಸಿಗೆ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ ನೋಡಿ. ಕೈ ಸಲೀಸಾಗಿ ಆಚೆ ಹೋದರೆ ಹಾಸಿಗೆ ಹೆಚ್ಚು ಗಟ್ಟಿ. ಕೈ ತೂರಿಸಲು ಜಾಗವೇ ಇಲ್ಲದಿದ್ದರೆ ಹೆಚ್ಚು ಮೆತ್ತಗೆ. ತುಸು ಒತ್ತಿದರೆ ಕೈ ಹೋಗುವಂತಿದ್ದರೆ ಸರಿ.

ನೆಲದ ಮೇಲೆ ಮಲಗುವವರಿಗೆ ಇನ್ನೊಂದು ಎಚ್ಚರಿಕೆ. ಕಲ್ಲಿನ ಗಣಿ, ಹೊಲಗಳ ಬದಿಯ ಮನೆಗಳಲ್ಲಿ ಹಾವು, ಚೇಳಿನ ಭಯವಿದೆ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ. ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸೇರಿಸಿದರೆ ಸೊಳ್ಳೆಯಿಂದಲೂ ಹಾವಿನಿಂದಲೂ ರಕ್ಷಣೆ ಸಿಗುತ್ತದೆ.

ಮಲಗುವ ಮೂರು ಬಗೆ

ಎಲ್ಲರಿಗೂ ಒಪ್ಪುವ ಒಂದೇ ಭಂಗಿ ಎಂಬುದಿಲ್ಲ. ನಿದ್ದೆಯಲ್ಲಿ ನಾವು ರಾತ್ರಿಗೆ ಹತ್ತಾರು ಬಾರಿ ಮಗ್ಗಲು ಬದಲಿಸುತ್ತೇವೆ. ಅದು ದೇಹಕ್ಕೆ ಬೇಕು ಕೂಡ. ಗಮನಿಸಬೇಕಾದ ನಿಯಮ ಒಂದೇ: ಕಿವಿ, ಭುಜ, ಸೊಂಟ ಇವು ಒಂದೇ ಸಾಲಿನಲ್ಲಿರಲಿ, ಎಲ್ಲಿ ಟೊಳ್ಳು ಇದೆಯೋ ಅಲ್ಲಿಗೆ ಆಸರೆ ಕೊಡಿ.

1. ಮಗ್ಗುಲಾಗಿ ಮಲಗುವುದು: ಹೆಚ್ಚಿನವರಿಗೆ ಹಿತವಾದ ಬಗೆ ಇದು. ಮೊಣಕಾಲುಗಳನ್ನು ಸ್ವಲ್ಪ ಮಡಚಿ ಮಲಗಬೇಕು. ಎದೆಗೆ ತಾಗುವಷ್ಟು ಮುದುರಬಾರದು. ಮೇಲಿನ ಕಾಲು ಮುಂದಕ್ಕೆ ಜಾರಿ ನೆಲಕ್ಕೆ ಬಿದ್ದರೆ ಸೊಂಟ ತಿರುಚಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಎರಡು ಮೊಣಕಾಲುಗಳ ನಡುವೆ ಒಂದು ದಿಂಬು ಅಥವಾ ನಾಲ್ಕು ಮಡಿಕೆ ಮಾಡಿದ ಕೌದಿ ಇಟ್ಟುಕೊಳ್ಳಿ. ನಡು ಸಣ್ಣಗಿರುವ ಹೆಂಗಸರು ಪಕ್ಕೆಯ ಕೆಳಗಿನ ಟೊಳ್ಳಿಗೆ ಒಂದು ಟವೆಲ್ ಸುತ್ತಿ ಇಟ್ಟುಕೊಂಡರೆ ಇನ್ನೂ ಹಿತ. ಕೆಳಗಿನ ಕೈಯನ್ನು ತಲೆಯ ಅಡಿಗೆ ಹಾಕಿಕೊಂಡು ಮಲಗುವ ಅಭ್ಯಾಸದಿಂದ ಭುಜ ನೋಯುತ್ತದೆ, ಕೈ ಜೋಮು ಹಿಡಿಯುತ್ತದೆ. ಒಂದು ದಿಂಬನ್ನು ತಬ್ಬಿಕೊಂಡರೆ ಮೇಲಿನ ಕೈಗೂ ಆಸರೆ ಸಿಗುತ್ತದೆ.

2. ಅಂಗಾತ ಮಲಗುವುದು: ಮೊಣಕಾಲುಗಳ ಕೆಳಗೆ ಒಂದು ದಿಂಬು ಅಥವಾ ಸುತ್ತಿದ ಜಮಖಾನ ಇಡಿ. ಮೊಣಕಾಲು ತುಸು ಮಡಚಿದಾಗ ಸೊಂಟದ ಬಿಗಿತ ಕಡಿಮೆಯಾಗುವುದು ಕೂಡಲೇ ತಿಳಿಯುತ್ತದೆ. ಆಗಲೂ ಸೊಂಟ ಗಾಳಿಯಲ್ಲಿದ್ದಂತೆ ಅನಿಸಿದರೆ ಅದರ ಅಡಿಗೆ ತೆಳುವಾಗಿ ಮಡಚಿದ ಟವೆಲ್ ಇಡಬಹುದು. ದಿನವಿಡೀ ಹಮಾಲಿ ಮಾಡಿ ಬಂದವರು ಮಲಗುವ ಮುನ್ನ ಹತ್ತು ನಿಮಿಷ ಅಂಗಾತ ಮಲಗಿ, ಮೊಣಕಾಲಿನಿಂದ ಕೆಳಗಿನ ಕಾಲನ್ನು ಹೊರಸಿನ ಮೇಲೋ ಪೆಟ್ಟಿಗೆಯ ಮೇಲೋ ಇಟ್ಟುಕೊಂಡರೆ ಬೆನ್ನಿಗೆ ಬಹಳ ಆರಾಮ.

3. ಬೋರಲು ಮಲಗುವುದು: ಬೆನ್ನು, ಕುತ್ತಿಗೆ ನೋವಿದ್ದವರು ಇದನ್ನು ಆದಷ್ಟು ಬಿಡುವುದು ಲೇಸು. ಉಸಿರಾಡಲು ತಲೆಯನ್ನು ಒಂದು ಬದಿಗೆ ಪೂರ್ತಿ ಹೊರಳಿಸಲೇಬೇಕು. ಗಂಟೆಗಟ್ಟಲೆ ಹಾಗೆ ಇದ್ದರೆ ಬೆಳಿಗ್ಗೆ ಕುತ್ತಿಗೆ ಹಿಡಿಯುವುದು ಸಹಜ. ಸೊಂಟವೂ ಒಳಕ್ಕೆ ಹೆಚ್ಚು ಬಾಗುತ್ತದೆ. ಬೋರಲು ಮಲಗದೆ ನಿದ್ದೆಯೇ ಬಾರದವರು ಹೊಟ್ಟೆಯ ಕೆಳಭಾಗಕ್ಕೆ ತೆಳು ದಿಂಬು ಕೊಟ್ಟು, ತಲೆಯ ಕೆಳಗಿನ ದಿಂಬನ್ನು ತೆಗೆದುಬಿಡಲಿ. ಎದೆಗೊಂದು ದಿಂಬು ಅಪ್ಪಿಕೊಂಡು ಮಗ್ಗುಲಾಗಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡರೆ ಕ್ರಮೇಣ ಈ ಅಭ್ಯಾಸ ತಪ್ಪುತ್ತದೆ.

ದಿಂಬು ಎಷ್ಟು ಎತ್ತರ ಇರಬೇಕು?

ದಿಂಬು ಇರುವುದು ತಲೆಗಲ್ಲ, ಕುತ್ತಿಗೆಗೆ. ಮಗ್ಗುಲಾಗಿ ಮಲಗುವವರಿಗೆ ಭುಜದಿಂದ ಕುತ್ತಿಗೆಯವರೆಗಿನ ಜಾಗ ತುಂಬುವಷ್ಟು ಎತ್ತರ ಬೇಕು. ಅಂಗಾತ ಮಲಗುವವರಿಗೆ ಅದಕ್ಕಿಂತ ತೆಳ್ಳಗಿನದು ಸಾಕು. ಗದ್ದ ಎದೆಗೆ ಬಾಗಿದರೆ ದಿಂಬು ಎತ್ತರವಾಯಿತು, ಗದ್ದ ಮೇಲಕ್ಕೆ ಹೋದರೆ ತಗ್ಗಾಯಿತು. ಭುಜ ದಿಂಬಿನ ಮೇಲೆ ಬರಬಾರದು, ಹಾಸಿಗೆಯ ಮೇಲೆಯೇ ಇರಬೇಕು.

ಗೋಡೆಗೆ ಒರಗಿ ಕೂರಲು ಇಟ್ಟ ಲೋಡನ್ನು ತಲೆಗೆ ಹಾಕಿಕೊಳ್ಳುವುದು, ಎರಡು ದಿಂಬು ಒಂದರ ಮೇಲೊಂದು ಇಡುವುದು, ಕಲ್ಲಿನ ಗಣಿಯ ನೆರಳಿನಲ್ಲಿ ಮಧ್ಯಾಹ್ನ ಒಂದು ಫರಸಿ ತುಂಡನ್ನೇ ತಲೆಗೆ ಕೊಟ್ಟು ಮಲಗುವುದು, ಇವೆಲ್ಲ ಕುತ್ತಿಗೆ ನೋವನ್ನು ಕರೆದು ತರುತ್ತವೆ. ಗಣಿಯಲ್ಲಿ ಮಲಗುವವರು ತಲೆಗೆ ಸುತ್ತುವ ರುಮಾಲನ್ನೇ ಮಡಚಿ ಕುತ್ತಿಗೆಯ ಅಡಿಗೆ ಇಟ್ಟುಕೊಳ್ಳಲಿ. ಮನೆಯಲ್ಲಿ ಒಂದು ಹಳೆಯ ಸೀರೆಯನ್ನು ಬೇಕಾದಷ್ಟು ದಪ್ಪಕ್ಕೆ ಮಡಚಿ ಹೊಲಿದರೆ ಅಂಗಡಿಯ ದಿಂಬಿಗಿಂತ ಚೆನ್ನಾಗಿ ನಮ್ಮ ಅಳತೆಗೆ ಹೊಂದುತ್ತದೆ. ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ರೈಲಿಗೆ ಕಾಯುವವರಿಗೂ, ಕುಳಿತೇ ಪ್ರಯಾಣ ಮಾಡುವವರಿಗೂ ಇದೇ ಮಾತು: ತಲೆ ಪಕ್ಕಕ್ಕೆ ಜೋತುಬೀಳದಂತೆ ಟವೆಲನ್ನು ಸುರುಳಿ ಸುತ್ತಿ ಕುತ್ತಿಗೆಗೆ ಹಾಕಿಕೊಳ್ಳಿ.

ಏಳುವಾಗ ಎಚ್ಚರ

ರಾತ್ರಿಯೆಲ್ಲ ಸರಿಯಾಗಿ ಮಲಗಿ, ಬೆಳಿಗ್ಗೆ ಥಟ್ಟನೆ ಎದ್ದು ಬೆನ್ನು ಹಿಡಿಸಿಕೊಳ್ಳುವವರು ಬಹಳ. ಅಂಗಾತ ಮಲಗಿದಲ್ಲಿಂದ ನೇರವಾಗಿ ಎದ್ದು ಕೂರಬೇಡಿ. ಮೊದಲು ಮೊಣಕಾಲು ಮಡಚಿ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹೊರಳಿಸಿ ಮಗ್ಗುಲಾಗಿ. ಮಂಚವಾದರೆ ಕಾಲುಗಳನ್ನು ಕೆಳಗಿಳಿಸುತ್ತಾ ಕೈಗಳನ್ನು ಊರಿ ಎದ್ದು ಕುಳಿತುಕೊಳ್ಳಿ. ನೆಲದಲ್ಲಿ ಮಲಗಿದವರು ಮಗ್ಗುಲಾಗಿ, ಕೈ ಮತ್ತು ಮೊಣಕಾಲುಗಳ ಮೇಲೆ ಬಂದು, ಒಂದು ಪಾದ ಮುಂದಿಟ್ಟು, ಗೋಡೆ ಅಥವಾ ಕುರ್ಚಿ ಹಿಡಿದು ಏಳಬೇಕು.

ಎದ್ದ ಮೊದಲ ಒಂದು ಗಂಟೆ ಬೆನ್ನಿಗೆ ಸೂಕ್ಷ್ಮ ಸಮಯ. ರಾತ್ರಿ ನೀರು ಹೀರಿಕೊಂಡ ಡಿಸ್ಕ್ ಆಗ ಉಬ್ಬಿರುತ್ತದೆ. ಬಗ್ಗಿದರೆ ಅದರ ಮೇಲೆ ಬೀಳುವ ಒತ್ತಡ ಬೇರೆ ಹೊತ್ತಿಗಿಂತ ಹೆಚ್ಚು. ಬಹುಕಾಲದ ಸೊಂಟನೋವಿದ್ದವರು ಬೆಳಗಿನ ಹೊತ್ತು ಬಗ್ಗುವುದನ್ನು ಕಡಿಮೆ ಮಾಡಿದಾಗ ನೋವು ತಗ್ಗಿತೆಂದು ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಆದರೆ ನಮ್ಮ ಮನೆಗಳಲ್ಲಿ ಎದ್ದ ಕೂಡಲೇ ನಡೆಯುವುದು ಏನು? ಹೆಂಗಸರು ಬಗ್ಗಿ ಕಸ ಗುಡಿಸುತ್ತಾರೆ, ಬೋರಿನಿಂದ ಕೊಡ ಹೊತ್ತು ತರುತ್ತಾರೆ. ಗಂಡಸರು ಬಿಸಿಲು ಏರುವ ಮುನ್ನ ಕಲ್ಲು ತೆಗೆಯಬೇಕೆಂದು ನಸುಕಿನಲ್ಲೇ ಗಣಿಗೆ ಇಳಿಯುತ್ತಾರೆ. ಕೆಲಸ ಬಿಡಿ ಎಂದು ಹೇಳುವಂತಿಲ್ಲ. ಆದರೆ ಕ್ರಮ ಬದಲಿಸಬಹುದು. ಎದ್ದು ಹತ್ತು ಹದಿನೈದು ನಿಮಿಷ ನಡೆದಾಡಿ, ಚಹಾ ಕುಡಿದು, ನಿಂತು ಮಾಡುವ ಕೆಲಸಗಳನ್ನು ಮೊದಲು ಮಾಡಿ. ಉದ್ದ ಹಿಡಿಯ ಕಸಬರಿಗೆ ಬಳಸಿ. ಗಣಿಯಲ್ಲಿ ದೊಡ್ಡ ಕಲ್ಲುಗಳನ್ನು ಮೊದಲ ಗಂಟೆಯ ನಂತರ, ಇಬ್ಬರು ಕೂಡಿ, ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಲಿ. ಮನೆಯ ಗಂಡುಮಕ್ಕಳು ಎರಡು ಕೊಡ ನೀರು ತಂದರೆ ತಾಯಿಯ ಬೆನ್ನು ಉಳಿಯುತ್ತದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಬಿಸಿಲು ಮತ್ತು ರಾತ್ರಿ ಪಾಳಿ

ನಿದ್ದೆ ಸರಿಯಾಗದಿದ್ದರೆ ಮರುದಿನ ಅದೇ ನೋವು ಹೆಚ್ಚು ಕಾಡುತ್ತದೆ. ನೋವಿನಿಂದ ನಿದ್ದೆ ಕೆಡುವುದು, ನಿದ್ದೆಗೆಟ್ಟು ನೋವು ಏರುವುದು, ಹೀಗೆ ಒಂದು ಚಕ್ರ ಶುರುವಾಗುತ್ತದೆ. ಕಲಬುರಗಿ ಭಾಗದ ಬೇಸಿಗೆಯಲ್ಲಿ ಕಲ್ಲಿನ ಮಾಳಿಗೆ ಹಗಲೆಲ್ಲ ಕಾದು ರಾತ್ರಿ ಒಳಗೆ ಬಿಸಿ ಬಿಡುತ್ತದೆ. ಆದ್ದರಿಂದ ಜನ ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ ಮಲಗುತ್ತಾರೆ. ಅದು ಒಳ್ಳೆಯದೇ. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಕಲ್ಲು ಆರಿದ ಮೇಲೆ ಚಾಪೆ, ಕೌದಿ ಹಾಸಿ ಮಲಗಬಹುದು. ಬರಿ ಕಲ್ಲಿನ ಮೇಲೆ ಬೇಡ. ಅಂಚುಗೋಡೆ ಇಲ್ಲದ ಮಾಳಿಗೆಯಲ್ಲಿ ಮಕ್ಕಳನ್ನು ಅಂಚಿನ ಬದಿಗೆ ಮಲಗಿಸಬೇಡಿ. ನಿದ್ದೆಗಣ್ಣಿನಲ್ಲಿ ಬಿದ್ದು ಬೆನ್ನೆಲುಬು ಮುರಿದರೆ ಅದು ಜೀವನಪರ್ಯಂತದ ಕಷ್ಟ.

ಸಿಮೆಂಟ್ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ ರಾತ್ರಿ ಪಾಳಿ ಮಾಡುವವರು ಹಗಲು ಮಲಗಬೇಕಾಗುತ್ತದೆ. ಮನೆಯ ತಂಪಾದ ಕೋಣೆಯನ್ನು ಅವರಿಗೆ ಬಿಡಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಕತ್ತಲು ಮಾಡಿ. ಪಾಳಿಯ ಕೊನೆಯ ಹೊತ್ತಿನಲ್ಲಿ ಚಹಾ ಬೇಡ. ದಣಿದು ಬಂದು ಕುರ್ಚಿಯಲ್ಲೇ ತಲೆ ಜೋತುಹಾಕಿ ನಿದ್ದೆಹೋಗುವ ಬದಲು ಹಾಸಿಗೆಯಲ್ಲೇ ಮಲಗಲಿ. ಮಲಗಿ ಮೊಬೈಲ್ ನೋಡುವುದರಿಂದ ಕುತ್ತಿಗೆಗೂ ನಿದ್ದೆಗೂ ಒಟ್ಟಿಗೆ ಕೇಡು.

ಕೆಲವರಿಗೆ ವಿಶೇಷ ಸೂಚನೆ

ಗರ್ಭಿಣಿಯರು ಏಳನೆಯ ತಿಂಗಳಿನಿಂದ, ಅಂದರೆ 28 ವಾರಗಳ ನಂತರ, ಮಗ್ಗುಲಾಗಿಯೇ ಮಲಗಬೇಕು. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಹೊಟ್ಟೆಯಲ್ಲೇ ಮಗು ಸಾಯುವ ಅಪಾಯವೂ ಹೆಚ್ಚುತ್ತದೆ. ಎಡ ಅಥವಾ ಬಲ, ಯಾವ ಮಗ್ಗುಲಾದರೂ ಸರಿ. ಹೊಟ್ಟೆಯ ಕೆಳಗೆ ಮತ್ತು ಮೊಣಕಾಲುಗಳ ನಡುವೆ ಕೌದಿಯ ಆಸರೆ ಇರಲಿ. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಮತ್ತೆ ಮಗ್ಗುಲಾದರಾಯಿತು.

ಎದೆಯುರಿ, ಹುಳಿತೇಗು ಇರುವವರಿಗೆ ಎಡಮಗ್ಗುಲು ಉತ್ತಮ. ಗೊರಕೆ ಹೊಡೆಯುವವರೂ ಮಗ್ಗುಲಾಗಿ ಮಲಗಲಿ. ಮೊಣಕಾಲು ನೋವಿನಿಂದ ನೆಲದಿಂದ ಏಳಲಾಗದ ವೃದ್ಧರಿಗೆ ಮೊಣಕಾಲಿನ ಎತ್ತರದ ಮಂಚವೇ ಬೇಕು. ರಾತ್ರಿ ಕತ್ತಲಲ್ಲಿ ಎದ್ದು ಬೀಳುವುದು ಅವರಿಗೆ ಬೆನ್ನುನೋವಿಗಿಂತ ದೊಡ್ಡ ಅಪಾಯ. ಒಂದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಅವರನ್ನು ದಿಂಬಿಲ್ಲದೆ, ಸಮತಟ್ಟಾದ ಗಟ್ಟಿ ಹಾಸಿಗೆಯಲ್ಲಿ ಅಂಗಾತವೇ ಮಲಗಿಸಬೇಕು.

ನಡ ಹಿಡಿದಾಗ ಮಲಗಿಯೇ ಇರಬೇಕೇ?

ಬೇಡ. ಇದು ಬಹಳ ಮುಖ್ಯ. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ನಗರದ 186 ನೌಕರರನ್ನು ಗಮನಿಸಿ ಒಂದು ವರದಿ ಪ್ರಕಟವಾಯಿತು. ಹೊಸದಾಗಿ ಸೊಂಟನೋವು ಬಂದಾಗ ಕೆಲವರಿಗೆ ಎರಡು ದಿನ ಹಾಸಿಗೆಯಲ್ಲಿರಲು, ಕೆಲವರಿಗೆ ವ್ಯಾಯಾಮ ಮಾಡಲು, ಉಳಿದವರಿಗೆ ನೋವು ಸಹಿಸುವಷ್ಟು ಮಟ್ಟಿಗೆ ಎಂದಿನಂತೆ ಓಡಾಡಲು ಹೇಳಿದ್ದರು. ಎಂದಿನಂತೆ ಓಡಾಡಿದವರೇ ಬೇಗ ಗುಣವಾದರು. ಆದ್ದರಿಂದ ಭಾರ ಎತ್ತುವುದನ್ನು ಕೆಲವು ದಿನ ನಿಲ್ಲಿಸಿ, ಆದರೆ ನಡೆದಾಡುತ್ತಿರಿ. ಬಿಸಿನೀರಿನ ಶಾಖ ಕೊಡಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಔಷಧ ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಯನ್ನು ದಿನವೂ ನುಂಗಿ ಕೆಲಸಕ್ಕೆ ಹೋಗುವ ರೂಢಿ ಕೂಲಿಕಾರರಲ್ಲಿದೆ. ಇದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಬಿಸಿಲಿನಲ್ಲಿ ಬೆವರಿ, ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್ ಆಗಲಿ, ಸೊಂಟ ಎಳೆಸುವುದಾಗಲಿ ವಾಡಿಕೆಯ ಚಿಕಿತ್ಸೆಯಾಗಬಾರದು ಎಂದಿದೆ. ವ್ಯಾಯಾಮ, ತಿಳುವಳಿಕೆ, ಮನಸ್ಸಿಗೆ ಧೈರ್ಯ ಇವುಗಳಿಗೆ ಅದು ಮಹತ್ವ ಕೊಟ್ಟಿದೆ. ಅದೇ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಲೋಕದಲ್ಲಿ 61.9 ಕೋಟಿ ಜನರಿಗೆ ಸೊಂಟನೋವು ಇತ್ತು. ಅಂದರೆ ಇದು ಯಾರೊಬ್ಬರ ಸೋಮಾರಿತನದ ನೆಪವಲ್ಲ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ನಾವು ವೈದ್ಯರಲ್ಲ. ಮಲಗುವ ಭಂಗಿ ಬದಲಿಸಿದರೆ ಎಲ್ಲ ನೋವೂ ಹೋಗುತ್ತದೆ ಎಂದು ಹೇಳುವುದೂ ತಪ್ಪಾಗುತ್ತದೆ. ಕೆಳಗಿನವು ಕಂಡರೆ ಆಸ್ಪತ್ರೆಗೆ ಹೋಗಲೇಬೇಕು.

ಮೂತ್ರ, ಮಲ ಕಟ್ಟಿಕೊಳ್ಳುವುದು ಅಥವಾ ಹಿಡಿತ ತಪ್ಪುವುದು, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಕಾಲು ಬಲ ಕಳೆದುಕೊಳ್ಳುವುದು: ಇದು ತುರ್ತು. ಗಂಟೆಗಳ ಲೆಕ್ಕದಲ್ಲಿ ನರಕ್ಕೆ ಶಾಶ್ವತ ಹಾನಿಯಾಗಬಹುದು. ಕೂಡಲೇ 108ಕ್ಕೆ ಕರೆ ಮಾಡಿ.

ಗಣಿಯಲ್ಲಿ ಬಿದ್ದ ಮೇಲೆ ಅಥವಾ ಕಲ್ಲು ಮೈಮೇಲೆ ಬಿದ್ದ ಮೇಲೆ ಬಂದ ನೋವು: ಗಾಯಗೊಂಡವರನ್ನು ಬಗ್ಗಿಸದೆ, ಕೂರಿಸದೆ, ಹಲಗೆಯ ಮೇಲೆ ನೇರವಾಗಿ ಮಲಗಿಸಿ ಸಾಗಿಸಬೇಕು.

ಸಂಜೆ ಜ್ವರ, ತೂಕ ಇಳಿಯುವುದು, ಯಾವ ಮಗ್ಗುಲಿಗೆ ಮಲಗಿದರೂ ರಾತ್ರಿ ನಿಲ್ಲದ ನೋವು: ಬೆನ್ನೆಲುಬಿನ ಕ್ಷಯರೋಗ ಇರಬಹುದು. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಇದರ ಚಿಕಿತ್ಸೆ ಉಚಿತ.

ನಲವತ್ತು ದಾಟದ ಯುವಕರಲ್ಲಿ ನಡುರಾತ್ರಿಯ ನಂತರ ಎಚ್ಚರಿಸುವ ನೋವು, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿದ ಬಿಗಿತ, ಓಡಾಡಿದರೆ ಕಡಿಮೆಯಾಗುವುದು: ಇದು ಕೀಲುಗಳ ಉರಿಯೂತದ ಕಾಯಿಲೆಯ ಲಕ್ಷಣ. ಬೇಗ ಪತ್ತೆಯಾದರೆ ಬೆನ್ನು ಕೋಲಿನಂತೆ ಸೆಟೆಯುವುದನ್ನು ತಡೆಯಬಹುದು.

ಕುತ್ತಿಗೆ, ಬೆನ್ನು ವರ್ಷ ವರ್ಷ ಬಿಗಿಯಾಗುತ್ತಾ ಹೋಗುವುದು, ಜೊತೆಗೆ ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ: ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರಬಹುದು. ಕಲಬುರಗಿ ಜಿಲ್ಲೆಯ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಈ ಸಮಸ್ಯೆ ಇದೆ. ಲೀಟರ್ ನೀರಿನಲ್ಲಿ ಇದು 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೂ 1.5 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನದಂಡ. ಇಲ್ಲಿ ಬದಲಿಸಬೇಕಾದದ್ದು ಹಾಸಿಗೆಯನ್ನಲ್ಲ, ನೀರನ್ನು.

ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ತಾಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ಪರೀಕ್ಷೆಗೆ ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ ಇದೆ. ಇಎಸ್‌ಐ ಕಾರ್ಡು ಇರುವ ಕಾರ್ಮಿಕರು ಅಲ್ಲಿಯ ಇಎಸ್‌ಐ ಆಸ್ಪತ್ರೆಗೂ ಹೋಗಬಹುದು.

ಮನೆ ಭೇಟಿ ಮಾಡುವವರಿಗೆ ಒಂದು ಮಾತು

ಸ್ವಸಹಾಯ ಸಂಘಗಳಲ್ಲಿ, ತಾಂಡಾಗಳಲ್ಲಿ, ಕಾರ್ಮಿಕರ ಶೆಡ್ಡುಗಳಲ್ಲಿ ಸೇವೆ ಮಾಡುವವರು ಈ ವಿಷಯವನ್ನು ಭಾಷಣವಾಗಿ ಹೇಳಬೇಡಿ. ಒಂದು ಕೌದಿ ಬಿಚ್ಚಿ, ಮೊಣಕಾಲಿನ ನಡುವೆ ಎಲ್ಲಿ ಇಡಬೇಕು, ನೆಲದಿಂದ ಹೇಗೆ ಏಳಬೇಕು ಎಂದು ಮಾಡಿ ತೋರಿಸಿ. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದಿಗೆ ಕೆಲಸಕ್ಕೆ ಹೋಗುವ ಕುಟುಂಬಗಳು ಬಿಡಾರದಲ್ಲಿ ಮಣ್ಣು, ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಸಿ ಮಲಗುತ್ತವೆ. ಹೊರಡುವಾಗ ಗಂಟಿನಲ್ಲಿ ಎರಡು ಕೌದಿ, ಒಂದು ಸೊಳ್ಳೆಪರದೆ ಇರಲಿ ಎಂದು ನೆನಪಿಸಿ. ಕೆಲಸ ಕೊಡಿಸುವವರು, ಗುತ್ತಿಗೆದಾರರು ನಮ್ಮ ನಡುವೆಯೂ ಇದ್ದಾರೆ. ದುಡಿಸಿಕೊಂಡವರಿಗೆ ಒಣ ನೆಲ, ಒಂದು ಹಲಗೆ, ಮಲಗಲು ಸಾಕಷ್ಟು ಜಾಗ ಕೊಡುವುದು ಉಪಕಾರವಲ್ಲ, ಅವರಿಗೆ ಸಲ್ಲಬೇಕಾದದ್ದು.

ಇಂದು ರಾತ್ರಿಯಿಂದಲೇ ಒಂದು ಬದಲಾವಣೆ ಮಾಡಿ ನೋಡಿ. ಎರಡು ಮೂರು ವಾರ ಬಿಡದೆ ಅಭ್ಯಾಸ ಮಾಡಿ. ಮೊದಲ ಕೆಲವು ರಾತ್ರಿ ಹೊಸ ಭಂಗಿ ಹೊಂದದಿರಬಹುದು, ನಿದ್ದೆಯಲ್ಲಿ ದಿಂಬು ಜಾರಬಹುದು. ಎಚ್ಚರವಾದಾಗ ಮತ್ತೆ ಸರಿಪಡಿಸಿಕೊಂಡರೆ ಸಾಕು. ಹಗಲಿಡೀ ಇನ್ನೊಬ್ಬರ ಮನೆಗೆ ನೆಲ ಹಾಸುವ ಜನ ರಾತ್ರಿ ತಮ್ಮ ಮನೆಯ ನೆಲದಲ್ಲಿ ನೋವಿಲ್ಲದೆ ಮಲಗಿ ಏಳುವಂತಾಗಲಿ ಎಂದು ಹಾರೈಸುತ್ತೇವೆ.